ಒಂದು ಸೂರು, ಮೂರು ಭಾಷೆ: ಮರುಮದುವೆಯ ಮನೆಯನ್ನು ಬೆಸೆಯುವುದು ಹೇಗೆ?

ತುಳುವಿನಲ್ಲಿ 'ನಾವು' ಅನ್ನುವುದಕ್ಕೆ ಎರಡು ಮಾತುಂಟು. ಎದುರಿಗಿರುವವರನ್ನೂ ಸೇರಿಸಿಕೊಂಡರೆ 'ನಮ'. ಎದುರಿಗಿರುವವರನ್ನು ಬಿಟ್ಟು ಹೇಳಿದರೆ 'ಎಂಕುಲು'. ಕನ್ನಡದಲ್ಲಿ ಎರಡಕ್ಕೂ 'ನಾವು' ಒಂದೇ. ಘಟ್ಟದ ಮೇಲಿಂದ ಬಂದ ನನಗೆ ಇದು ಗೊತ್ತಿರಲಿಲ್ಲ.

ಮದುವೆಯಾಗಿ ಮಂಗಳೂರಿಗೆ ಬಂದು ಎರಡು ವಾರ ಆಗಿತ್ತು. ನನ್ನ ಮಗಳು ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂತಳು. ಅತ್ತೆ ಮೆಲ್ಲಗೇ ಹೇಳಿದರು: "ಎಂಕ್ಲೆನ ಇಲ್ಲಡ್ ಇಂಚ ಇಜ್ಜಿ ಬಾಲೆ." 'ನಮ್ಮ ಮನೇಲಿ ಹೀಗೆಲ್ಲ ಇಲ್ಲ ಮಗು' ಅಂತ ನಾನು ಅರ್ಥ ಮಾಡಿಕೊಂಡೆ. ರಾತ್ರಿ ಮಗಳು ಅಳುತ್ತಿದ್ದಳು. ನನ್ನ ಗಂಡನ ಮೊದಲ ಮದುವೆಯ ಮಗ, ಆಗ ಅವನಿಗೆ ಒಂಬತ್ತು ವರ್ಷ, ಅವಳಿಗೆ ಬಿಡಿಸಿ ಹೇಳಿದ್ದ. "ಎಂಕ್ಲೆನ ಅಂದ್ರೆ ನಿಂದಲ್ಲ, ನಮ್ಮದು ಮಾತ್ರ ಅಂತ."

ಅತ್ತೆಯ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಬಾಯಿಗೆ ಅಭ್ಯಾಸವಾದ ಮಾತು, ಅಷ್ಟೇ. ಆದರೆ ಎರಡು ಸಂಸಾರ ಸೇರಿ ಒಂದಾದ ಮನೆಯಲ್ಲಿ ಇಂಥ ಒಂದು ಪದಕ್ಕೂ ಬಹಳ ತೂಕ ಇರುತ್ತದೆ.

ನಮ್ಮ ಮನೆಯ ಲೆಕ್ಕ ಹೀಗಿದೆ. ನಾನು ಶಿವಮೊಗ್ಗ ಕಡೆಯವಳು, ಕನ್ನಡ. ಮೊದಲ ಮದುವೆ ವಿಚ್ಛೇದನದಲ್ಲಿ ಮುಗಿಯಿತು. ಮಗಳ ಜೊತೆ ಇಲ್ಲಿಗೆ ಬಂದೆ, ಆಗ ಅವಳಿಗೆ ಏಳು ವರ್ಷ. ಗಂಡನ ಮನೆಮಾತು ತುಳು. ಅವರ ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡರು. ಆಕೆ ಕೊಂಕಣಿ ಮಾತಾಡುವ ಕ್ರೈಸ್ತ ಮನೆತನದವರು. ಆಕೆಯ ತಾಯಿ ಇಲ್ಲೇ ಮಂಗಳೂರಿನ ಬೆಂದೂರಿನಲ್ಲಿದ್ದಾರೆ. ಹೀಗೆ ಮನೆಯಲ್ಲಿ ಮೂರು ಭಾಷೆ, ಎರಡು ಧರ್ಮ, ಒಬ್ಬರು ಅಗಲಿದ ತಾಯಿ, ದೂರದಲ್ಲಿರುವ ಒಬ್ಬ ತಂದೆ. ಆರು ವರ್ಷದಲ್ಲಿ ನಾವು ಮಾಡಿದ್ದು, ತಪ್ಪಿದ್ದು, ಮತ್ತೆ ಸರಿಮಾಡಿಕೊಂಡದ್ದು ಇಲ್ಲಿದೆ. ಮಂಗಳೂರು, ಉಡುಪಿ ಕಡೆ ಇಂಥ ಮನೆಗಳು ಹಲವು. ನಿಮ್ಮ ಮನೆಯಲ್ಲಿ ಬ್ಯಾರಿ ಇರಬಹುದು, ಮಲಯಾಳ ಇರಬಹುದು, ಕುಂದಗನ್ನಡ ಇರಬಹುದು. ದಾರಿ ಹೆಚ್ಚು ಕಮ್ಮಿ ಇದೇ.

ಹೆಜ್ಜೆ 1: ಯಾರು ಯಾರ ಜೊತೆ ಯಾವ ಮಾತು? ಬರೆದಿಡಿ

ಸಾಧ್ಯವಾದರೆ ಮದುವೆಗೆ ಮೊದಲೇ ಇದನ್ನು ಮಾಡಿ. ಒಂದು ದೊಡ್ಡ ಹಾಳೆಯಲ್ಲಿ ಮನೆಯ ಎಲ್ಲರ ಹೆಸರು ಬರೆಯಿರಿ. ಇಬ್ಬಿಬ್ಬರ ನಡುವೆ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಅವರಿಬ್ಬರು ಮಾತಾಡುವ ಭಾಷೆ ಬರೆಯಿರಿ. ಅಗಲಿದವರನ್ನೂ ದೂರ ಇರುವವರನ್ನೂ ಬಿಡಬೇಡಿ. ಮಕ್ಕಳಿಗೆ ಅವರೂ ಮನೆಯವರೇ.

ನಾವು ಈ ಹಾಳೆ ಬರೆದದ್ದು ಮದುವೆಯಾಗಿ ಮೂರು ತಿಂಗಳ ಮೇಲೆ. ಆಗ ಕಣ್ಣಿಗೆ ಬಿದ್ದದ್ದು ಎರಡು ಸಂಗತಿ. ಮಗನಿಗೆ ಕೊಂಕಣಿ ಮಾತಾಡಲು ಮನೆಯೊಳಗೆ ಯಾರೂ ಉಳಿದಿರಲಿಲ್ಲ. ಅಮ್ಮ ಹೋದ ದಿನದಿಂದ ಆ ಭಾಷೆಯೂ ಮನೆಯಲ್ಲಿ ನಿಂತು ಹೋಗಿತ್ತು. ಇನ್ನೊಂದು, ನನ್ನ ಮಗಳಿಗೂ ಅತ್ತೆಗೂ ನಡುವೆ ಗೆರೆಯೇ ಇರಲಿಲ್ಲ. ಅತ್ತೆಗೆ ಕನ್ನಡ ಬರುತ್ತದೆ, ಆದರೆ ಮನೆಯೊಳಗೆ ಕನ್ನಡ ಮಾತಾಡಿ ರೂಢಿಯಿಲ್ಲ. ಮಗಳಿಗೆ ತುಳು ಬಾರದು. ಇಬ್ಬರೂ ದಿನವಿಡೀ ಒಂದೇ ಮನೆಯಲ್ಲಿದ್ದು ನನ್ನ ಮೂಲಕವೇ ಮಾತಾಡುತ್ತಿದ್ದರು.

ಖಾಲಿ ಇರುವ ಗೆರೆ, ಕಡಿದು ಹೋದ ಗೆರೆ ಯಾವುದು ನೋಡಿ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಹೆಜ್ಜೆ 2: ಕರೆಯುವ ಹೆಸರನ್ನು ಮಗುವೇ ಆರಿಸಲಿ

ಇದು ಎಲ್ಲಕ್ಕಿಂತ ಸೂಕ್ಷ್ಮ. ನೆಂಟರು ಮೊದಲ ದಿನವೇ ಶುರು ಮಾಡುತ್ತಾರೆ: "ಇನ್ಮೇಲೆ ಇವರೇ ನಿನ್ನ ಅಮ್ಮ, ಅಮ್ಮ ಅಂತ ಕರಿ." ದಯವಿಟ್ಟು ಅವರನ್ನು ಅಲ್ಲೇ ತಡೆಯಿರಿ. ಮಗುವಿನ ಕಿವಿಗೆ ಅದು 'ಹಳೆಯ ಅಮ್ಮನನ್ನು ಬಿಟ್ಟುಬಿಡು' ಅಂತ ಕೇಳಿಸುತ್ತದೆ.

ಹಲವು ಭಾಷೆಯ ಮನೆಗೆ ಇಲ್ಲಿ ಒಂದು ಭಾಗ್ಯ ಇದೆ. ತಾಯಿಗೆ ತುಳುವಿನಲ್ಲಿ ಅಪ್ಪೆ, ಕೊಂಕಣಿಯಲ್ಲಿ ಮಾಂಯ್, ಕನ್ನಡದಲ್ಲಿ ಅಮ್ಮ. ಒಬ್ಬರ ಪದವನ್ನು ಕಿತ್ತು ಇನ್ನೊಬ್ಬರಿಗೆ ಕೊಡಬೇಕಾಗಿಲ್ಲ. ಮಗ ತನ್ನ ತಾಯಿಯನ್ನು ಮಮ್ಮಿ ಅನ್ನುತ್ತಿದ್ದ. ಆ ಪದ ಇವತ್ತಿಗೂ ಆಕೆಯದೇ. ನಾನು ಅದಕ್ಕೆ ಕೈ ಹಾಕಿಲ್ಲ. ಒಂದು ವರ್ಷಕ್ಕೂ ಜಾಸ್ತಿ ನನ್ನನ್ನು ಆಂಟಿ ಅಂದ. ಮೂರನೇ ವರ್ಷ ಜ್ವರ ಬಂದು ಮಲಗಿದ್ದಾಗ ಒಮ್ಮೆ ಅಮ್ಮ ಅಂದ, ನನ್ನ ಮಗಳು ಕರೆಯುವ ಹಾಗೇ. ನಾನು ಏನೂ ಹೇಳದೆ ಗಂಜಿ ಕೊಟ್ಟೆ. ಅಂಥ ಹೊತ್ತಲ್ಲಿ ಸಂಭ್ರಮ ತೋರಿಸಬೇಡಿ, ಮಗುವಿಗೆ ಮುಜುಗರ ಆಗುತ್ತದೆ.

ಅಪ್ಪನ ವಿಷಯ ಇನ್ನೂ ಗೊಂದಲದ್ದು. ತುಳುವಿನಲ್ಲಿ ತಂದೆಗೆ 'ಅಮ್ಮೆ' ಅನ್ನುತ್ತಾರೆ. ಕನ್ನಡದ ಮಗುವಿನ ಕಿವಿಗೆ ಅದು ಅಮ್ಮ ಇದ್ದ ಹಾಗೆ. ನನ್ನ ಮಗಳಿಗೆ ಶಿವಮೊಗ್ಗದಲ್ಲಿ ಅಪ್ಪ ಇದ್ದಾರೆ, ಹಾಗಾಗಿ 'ಅಪ್ಪ' ಅನ್ನುವ ಪದ ಅವರಿಗೇ ಸೇರಿದ್ದು. ಇಲ್ಲಿ ಮಗ 'ಪಪ್ಪ' ಅನ್ನುವುದನ್ನು ಕೇಳಿ ಅವಳೂ ಪಪ್ಪ ಅಂದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಎದುರಿಗಿಲ್ಲದಾಗ ಹೇಗೆ ಹೇಳುತ್ತೀರಿ ಅನ್ನುವುದೂ ಮುಖ್ಯ. ಪೇಪರಿನಲ್ಲಿ 'ಮಲತಾಯಿ ಧೋರಣೆ' ಅನ್ನುವ ತಲೆಬರಹ ಎಷ್ಟು ಸಲ ನೋಡಿಲ್ಲ ನಾವು? ಆ ಪದ ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಮನೆಯಲ್ಲಿ 'ಮಲ' ಸೇರಿಸಿ ಯಾರನ್ನೂ ಹೇಳಬೇಡಿ. ವಿವರ ಬೇಕಾದವರಿಗೆ 'ಇವರ ಮೊದಲ ಮದುವೆಯ ಮಗ' ಅಂದರೆ ಸಾಕು. ಉಳಿದವರಿಗೆ 'ನಮ್ಮ ಮಗ'.

ಹೆಜ್ಜೆ 3: ಮೊದಲು ಕಲಿಯಬೇಕಾದವರು ದೊಡ್ಡವರು

ಹೆಚ್ಚಿನ ಮನೆಗಳಲ್ಲಿ ಹೊಸದಾಗಿ ಬಂದ ಮಗುವಿಗೇ ಹೇಳುತ್ತಾರೆ: "ಬೇಗ ತುಳು ಕಲಿ, ಎಲ್ಲ ಸರಿಹೋಗುತ್ತೆ." ನನ್ನ ಅನುಭವದಲ್ಲಿ ಇದು ತಲೆಕೆಳಗಿನ ಕ್ರಮ. ಮಗು ಆಗಲೇ ಊರು, ಶಾಲೆ, ಗೆಳೆಯರನ್ನು ಬಿಟ್ಟು ಬಂದಿರುತ್ತದೆ. ದೊಡ್ಡವರು ತಾನಿರುವ ಕಡೆಗೆ ಬರುತ್ತಿದ್ದಾರೆ ಅಂತ ಕಂಡರೆ ಮಾತ್ರ ಅದರ ಬಾಯಿ ಬಿಚ್ಚುತ್ತದೆ.

ನಾನು ಮಗನ ಹತ್ತಿರ ಕೊಂಕಣಿ ಕಲಿಯಲು ಕೂತೆ. ದಿನಕ್ಕೆ ಹತ್ತು ನಿಮಿಷ, ರಾತ್ರಿ ಊಟದ ನಂತರ. ಅವನೇ ಮೇಷ್ಟ್ರು. ಮೊದಲ ತಿಂಗಳು ನಾಲ್ಕೇ ಮಾತು. 'ಜೆವಣ್ ಜಾಲೆಂ?' ಅಂದರೆ ಊಟ ಆಯ್ತಾ. 'ಹಾಂಗಾ ಯೆ', ಇಲ್ಲಿ ಬಾ. 'ನಾಕಾ', ಬೇಡ. 'ದೇವ್ ಬರೆಂ ಕರುಂ', ದೇವರು ಒಳ್ಳೆಯದು ಮಾಡಲಿ; ಧನ್ಯವಾದಕ್ಕೆ ಅದನ್ನೇ ಹೇಳುತ್ತಾರೆ. ನನ್ನ ಉಚ್ಚಾರ ಅವನು ತಿದ್ದುತ್ತಿದ್ದ. ಎರಡು ವರ್ಷದಿಂದ ಬಾಯಲ್ಲಿ ಕೊಂಕಣಿ ಇಲ್ಲದ ಹುಡುಗ, ನನ್ನನ್ನು ತಿದ್ದಲಿಕ್ಕಾಗಿ ಮತ್ತೆ ಕೊಂಕಣಿ ಮಾತಾಡಲು ಶುರು ಮಾಡಿದ.

ಕಲಿಯುವ ಕ್ರಮ ಹೀಗಿರಲಿ.

ಊಟ, ನಿದ್ದೆ, ನೋವಿನ ಮಾತು ಮೊದಲು. ತುಳುವಿನಲ್ಲಾದರೆ 'ಒಣಸ್ ಆಂಡಾ?' (ಊಟ ಆಯ್ತಾ), 'ಬಡಾಪುಂಡಾ?' (ಹಸಿವಾಗ್ತಿದೆಯಾ), 'ದಾನೆ ಆಂಡ್?' (ಏನಾಯ್ತು), 'ಬೇನೆ ಆಪುಂಡಾ?' (ನೋಯ್ತಿದೆಯಾ). ಮಗುವಿಗೆ ಹುಷಾರಿಲ್ಲದ ರಾತ್ರಿ ವ್ಯಾಕರಣದಿಂದ ಏನೂ ಆಗುವುದಿಲ್ಲ, ಈ ನಾಲ್ಕು ಮಾತು ಬೇಕಾಗುತ್ತದೆ.

ಆಮೇಲೆ ಮರ್ಯಾದೆಯ ಮಾತು. ತುಳುವಿನಲ್ಲಿ ಚಿಕ್ಕವರಿಗೆ 'ಈ' (ನೀನು), ಹಿರಿಯರಿಗೆ 'ಈರ್' (ನೀವು). ಚಿಕ್ಕವರಿಗೆ 'ಬಲ' (ಬಾ), ಹಿರಿಯರಿಗೆ 'ಬಲೆ' (ಬನ್ನಿ). ಮಕ್ಕಳಿಗೆ ಹೇಳುವುದನ್ನು ಕೇಳಿ ಕೇಳಿ ಕಲಿತ ನಾನು ಒಮ್ಮೆ ನೆಂಟರ ಎದುರು ಅತ್ತೆಗೆ 'ಬಲ' ಅಂದುಬಿಟ್ಟೆ. ಎಲ್ಲರೂ ಸುಮ್ಮನಾದರು. ಅತ್ತೆ ಮಾತ್ರ ಎದ್ದು ಬಂದರು. ಅವರ ದೊಡ್ಡತನ ಅದು. ಮರ್ಯಾದೆಯ ರೂಪಗಳನ್ನು ಪ್ರತ್ಯೇಕವಾಗಿ ಕೇಳಿ ಕಲಿಯಿರಿ.

ಕಿವಿಗೆ ಒಂದೇ ಥರ ಕೇಳಿಸಿ ಬೇರೆ ಅರ್ಥ ಕೊಡುವ ಪದಗಳನ್ನು ಗೋಡೆ ಮೇಲೆ ಬರೆದು ಅಂಟಿಸಿ. ತುಳುವಿನ 'ಇಲ್ಲ್' ಅಂದರೆ ಮನೆ. ಕನ್ನಡದ 'ಇಲ್ಲ'ಕ್ಕೆ ತುಳುವಿನಲ್ಲಿ 'ಇಜ್ಜಿ'. ಮಗಳು ಮೊದಮೊದಲು ತನಗೆ ಯಾವುದಕ್ಕೋ 'ಇಲ್ಲ' ಅನ್ನುತ್ತಿದ್ದಾರೆ ಅಂದುಕೊಂಡು ಮುಖ ಸಣ್ಣ ಮಾಡುತ್ತಿದ್ದಳು. ಅವರು ಮನೆ ವಿಷಯ ಮಾತಾಡುತ್ತಿದ್ದರು, ಅಷ್ಟೇ.

ಪುಸ್ತಕದ ತುಳು, ಪುಸ್ತಕದ ಕೊಂಕಣಿ ಹುಡುಕಿಕೊಂಡು ಕೂರಬೇಡಿ. ತುಳು ಜಾತಿಯಿಂದ ಜಾತಿಗೆ, ಊರಿನಿಂದ ಊರಿಗೆ ಬದಲಾಗುತ್ತದೆ. ಗೌಡ ಸಾರಸ್ವತರ ಕೊಂಕಣಿಯೇ ಬೇರೆ, ಕ್ರೈಸ್ತರ ಕೊಂಕಣಿಯೇ ಬೇರೆ. ನಿಮ್ಮ ಅತ್ತೆಯೋ ಮಗುವಿನ ಅಜ್ಜಿಯೋ ಆಡುವ ಮಾತೇ ನಿಮಗೆ ಪಾಠ. ಅದರ ಪಕ್ಕದಲ್ಲಿ ಬೇರೆ ಸಹಾಯ ಇಟ್ಟುಕೊಳ್ಳಿ. ಮಂಗಳೂರು ಆಕಾಶವಾಣಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಕಾರ್ಯಕ್ರಮಗಳು ಬರುತ್ತವೆ. ಅಡುಗೆ ಮನೆಯಲ್ಲಿ ಹಾಕಿಡಿ. ಇಲ್ಲಿ ತುಳು, ಕೊಂಕಣಿ ಎರಡನ್ನೂ ಸಾಮಾನ್ಯವಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಆದ್ದರಿಂದ ಓದುವುದಕ್ಕೆ ಹೊಸ ಅಕ್ಷರ ಕಲಿಯಬೇಕಾಗಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದವರು ಆರು ಸಂಪುಟಗಳ ತುಳು ನಿಘಂಟು ಮಾಡಿದ್ದಾರೆ. ಮಕ್ಕಳ ಜೊತೆ ಗ್ರಂಥಾಲಯಕ್ಕೆ ಹೋಗಿ ಅದರಲ್ಲಿ ಪದ ಹುಡುಕುವುದು ನಮ್ಮ ಮನೆಯಲ್ಲಿ ಒಂದು ಆಟವೇ ಆಗಿತ್ತು. ಕರಾವಳಿಯ ಕೆಲವು ಶಾಲೆಗಳಲ್ಲಿ ತುಳು, ಕೊಂಕಣಿಯನ್ನು ಮೂರನೇ ಭಾಷೆಯಾಗಿ ತೆಗೆದುಕೊಳ್ಳಬಹುದು. ವಿಚಾರಿಸಿ ನೋಡಿ.

ಮಕ್ಕಳು ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಿದರೆ ತಿದ್ದಲು ಹೋಗಬೇಡಿ. ಭಾಷೆ ಬೆರೆಸುವುದು ತಲೆ ಗೊಂದಲವಾದ ಲಕ್ಷಣ ಅಲ್ಲ. ಹಲವು ಭಾಷೆಯಲ್ಲಿ ಬೆಳೆಯುವ ಮಕ್ಕಳೆಲ್ಲ ಹಾಗೇ ಮಾಡುತ್ತಾರೆ. ಎದುರಿಗಿರುವವರು ಯಾರು ಅಂತ ನೋಡಿ ಭಾಷೆ ಬದಲಿಸುವುದನ್ನು ಅವರೇ ಕಲಿತುಕೊಳ್ಳುತ್ತಾರೆ.

ಇನ್ನು ಆ 'ನಮ', 'ಎಂಕುಲು' ವಿಷಯ. ನನ್ನ ಗಂಡ ಅತ್ತೆಯ ಹತ್ತಿರ ಕೂತು, ಯಾರೂ ಇಲ್ಲದ ಹೊತ್ತಲ್ಲಿ, ಆ ಒಂದು ಪದದ ಬಗ್ಗೆ ಹೇಳಿದರು. ಅತ್ತೆಗೆ ಬಹಳ ಬೇಸರವಾಯಿತು, ತನಗೆ ಹೊಳೆಯಲೇ ಇಲ್ಲವಲ್ಲ ಅಂತ. ಇಂಥ ಮಾತನ್ನು ಸೊಸೆ ಹೇಳಿದರೆ ಜಗಳ, ಮಗ ಹೇಳಿದರೆ ಸಂಗತಿ. ಯಾರ ಹಿರಿಯರಿಗೆ ಹೇಳಬೇಕೋ ಆ ಕಡೆಯವರೇ ಹೇಳಲಿ.

ಹೆಜ್ಜೆ 4: ಅಡುಗೆಮನೆಯಲ್ಲಿ ಅವಸರ ಬೇಡ

ಘಟ್ಟದ ಮೇಲಿನ ಮಗುವಿಗೆ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮೀನಿನ ವಾಸನೆ ಹೊಸದು. ತೆಂಗಿನ ಎಣ್ಣೆಯ ಒಗ್ಗರಣೆ ಹೊಸದು. ಆರು ತಿಂಗಳು ಎರಡು ಪಾತ್ರೆಯಲ್ಲಿ ಅನ್ನ ಮಾಡಿದರೆ ಗ್ಯಾಸ್ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಅಷ್ಟೇ ಅಲ್ವಾ? ಒಂದು ಬದಿಗೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ಒಂದು ಬದಿಗೆ ಕುಚ್ಚಲು. ಈಗ ನನ್ನ ಮಗಳು ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ ಇಟ್ಟುಕೊಂಡು ಎರಡು ಸಲ ಹಾಕಿಸಿಕೊಳ್ಳುತ್ತಾಳೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಅಗಲಿದ ತಾಯಿಯ ಕೈರುಚಿಯ ಅಡುಗೆಯನ್ನು ಮೊದಲ ವರ್ಷ ನೀವು ಮಾಡಲು ಹೋಗಬೇಡಿ. ನಾನು ಮಗನನ್ನು ಖುಷಿಪಡಿಸಲು ಸಾನ್ನಾಂ ಮಾಡಿದ್ದೆ, ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸುವ ಅಕ್ಕಿಯ ತಿಂಡಿ ಅದು. ಅವನು ಒಂದು ತುತ್ತು ತಿಂದು ಎದ್ದು ಹೋದ. ರುಚಿ ಕೆಟ್ಟಿರಲಿಲ್ಲ, ಆದರೆ ಅದು ಅವನ ಅಮ್ಮನದಾಗಿರಲಿಲ್ಲ. ಮುಂದಿನ ವಾರ ಬೆಂದೂರಿನ ಅಜ್ಜಿಯ ಮನೆಗೆ ಅವನನ್ನೇ ಕರೆದುಕೊಂಡು ಹೋದೆ. "ನಂಗೂ ಹೇಳಿಕೊಡಿ" ಅಂದೆ. ಹಿಂದೆ ಕಳ್ಳು ಹಾಕಿ ಹಿಟ್ಟು ಹುಳಿ ಬರಿಸುತ್ತಿದ್ದರಂತೆ, ಈಗ ಅವರು ಯೀಸ್ಟ್ ಹಾಕುತ್ತಾರೆ. ಅವರು ಮಾಡಿದರು, ನಾನು ಪಾತ್ರೆ ತೊಳೆದೆ, ಮಗ ಎಂಟು ತಿಂದ. ಮಗುವಿನ ಮೊದಲ ಮನೆಯ ಹಿರಿಯರ ಬಳಿ ಶಿಷ್ಯರಾಗಿ ಹೋಗಿ. ಆ ಬಾಗಿಲು ತೆರೆದೇ ಇರಬೇಕು.

ಹೆಜ್ಜೆ 5: ಹಬ್ಬದ ಪಟ್ಟಿ ಮಾಡಿ, ಯಾವುದನ್ನೂ ಅಳಿಸಬೇಡಿ

ಹಬ್ಬಗಳನ್ನು ಕಲಸಿ ಒಂದು ಮಾಡುವ ಆಸೆ ಬರುತ್ತದೆ. ಬೇಡ. ಒಂದೊಂದನ್ನೂ ಅದರದೇ ರೀತಿಯಲ್ಲಿ ಮಾಡಿ, ಎಲ್ಲರೂ ಅಲ್ಲಿರಿ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ತೆನೆ ಹಬ್ಬದಿಂದ ಅನ್ನುತ್ತೇನೆ. ಸೆಪ್ಟೆಂಬರ್ 8ಕ್ಕೆ ಇಲ್ಲಿನ ಕ್ರೈಸ್ತರು ಮೊಂತಿ ಫೆಸ್ತ್ ಮಾಡುತ್ತಾರೆ. ಅದು ಮರಿಯಮ್ಮನವರ ಹುಟ್ಟುಹಬ್ಬ. ಮಕ್ಕಳು ಒಂಬತ್ತು ದಿನ ಹೂವು ಒಯ್ಯುತ್ತಾರೆ. ಚರ್ಚಿನಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆ ಮನೆಗೆ ಕೊಡುತ್ತಾರೆ. ಆ ದಿನ ಸಸ್ಯಾಹಾರದ ಊಟ, ಮನೆಯವರೆಲ್ಲ ಒಟ್ಟಿಗೆ ಕೂರಲೇಬೇಕು. ಅತ್ತೆಯ ಮನೆಯಲ್ಲೂ ತೆನೆ ತಂದು ಕಟ್ಟುವ ಪದ್ಧತಿ ಇದೆ. ಹೊಸ ಅಕ್ಕಿಯ ಊಟಕ್ಕೆ ಪುದ್ವಾರ್ ಅನ್ನುತ್ತಾರೆ. ನಮ್ಮ ಮಲೆನಾಡಿನಲ್ಲೂ ಹೊಸತು ಊಟ ಉಂಟು. ಮೂರೂ ಕಡೆ ಪೂಜೆ ಬೇರೆ, ಪ್ರಾರ್ಥನೆ ಬೇರೆ, ತೆನೆ ಒಂದೇ. ಬೆಂದೂರಿನ ಅಜ್ಜಿ ಮತ್ತು ನನ್ನ ಅತ್ತೆ ಮೊದಲ ಬಾರಿ ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಮಾತಾಡಿದ್ದು ಈ ಊಟದ ದಿನ. ಇಬ್ಬರೂ ಚಿಕ್ಕಂದಿನಲ್ಲಿ ಗದ್ದೆಗೆ ಇಳಿದವರು. ಗದ್ದೆಯ ಮಾತು ಮುಗಿಯಲೇ ಇಲ್ಲ.

ಹೊಸ ವರ್ಷ ನಮಗೆ ಎರಡು. ಯುಗಾದಿಗೆ ಬೇವು ಬೆಲ್ಲ ಕೊಡುವುದು ನನ್ನ ಮಗಳ ಕೆಲಸ. ಏಪ್ರಿಲ್ ಮಧ್ಯದಲ್ಲಿ ಬರುವ ತುಳುವರ ಹೊಸ ವರ್ಷ ಬಿಸುವಿಗೆ ಕಣಿ (ಬೆಳಿಗ್ಗೆ ಎದ್ದೊಡನೆ ನೋಡುವ ಮಂಗಳ ವಸ್ತುಗಳು) ಇಡುವುದು ಅತ್ತೆ ಮತ್ತು ಮಗ. ಆಟಿ ಅನ್ನುವ ತುಳು ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಹಾಳೆ ಮರದ ತೊಗಟೆಯ ಕಷಾಯ ಎಲ್ಲರೂ ಕುಡಿಯಬೇಕು. ಆ ಕಹಿಗೆ ಇಬ್ಬರು ಮಕ್ಕಳೂ ಒಟ್ಟಿಗೆ ಮುಖ ಕಿವಿಚುತ್ತಾರೆ. ಆಮೇಲೆ ಮೆಂತ್ಯದ ಗಂಜಿ.

ನವೆಂಬರ್ 2 ಕ್ರೈಸ್ತರಿಗೆ ಅಗಲಿದವರ ದಿನ. ಮಗನ ಜೊತೆ ನಾವೆಲ್ಲ ಸಮಾಧಿಗೆ ಹೋಗುತ್ತೇವೆ. ಮೊದಲ ವರ್ಷ ನಾನು ಗೇಟಿನ ಹೊರಗೆ ನಿಂತಿದ್ದೆ, ನನ್ನ ಜಾಗ ಅದಲ್ಲ ಅಂದುಕೊಂಡು. ಎರಡನೇ ವರ್ಷ ಅವನೇ ನನ್ನ ಕೈಗೆ ಮೇಣದಬತ್ತಿ ಕೊಟ್ಟ. ಕರೆಯುವವರೆಗೆ ಕಾಯಿರಿ, ಆದರೆ ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿರಿ.

ಹೆಜ್ಜೆ 6: ನೆಂಟರ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿರಲಿ

ಮದುವೆ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಇವಳು ಯಾರ ಮಗಳು? ಯಾವ ಬರಿ?" ತುಳುನಾಡಿನ ಹಲವು ಸಮುದಾಯಗಳಲ್ಲಿ ಬರಿ, ಅಂದರೆ ವಂಶದ ಹೆಸರು, ತಾಯಿಯಿಂದ ಬರುತ್ತದೆ. ತಾಯಿಯ ಕಡೆಯಿಂದ ವಂಶ ಮುಂದುವರಿಯುವ ಈ ಅಳಿಯಕಟ್ಟು ಇಲ್ಲಿ ತಲೆಮಾರುಗಳಿಂದ ನಡೆದು ಬಂದದ್ದು.

ಮಗಳಿಗೆ ಬರಿ ಇಲ್ಲ ಅಂತ ನನಗೂ ಒಂದು ಕಾಲಕ್ಕೆ ಸಂಕಟವಾಗಿತ್ತು. ಆಗ ಗಂಡನ ಸೋದರಮಾವ ಹೇಳಿದ್ದು ಕೇಳಿ: "ಎಂತ ಮಾರಾಯ್ತಿ, ನನ್ನ ಬರಿ ನನ್ನ ಸ್ವಂತ ಮಕ್ಕಳಿಗೇ ಇಲ್ಲ. ಒಂದೇ ಮನೆಯಲ್ಲಿ ಅಪ್ಪನದೊಂದು, ಮಕ್ಕಳದೊಂದು. ಹಾಗಂತ ನಾವು ಬೇರೆ ಬೇರೆಯಾ?" ಈ ನೆಲದಲ್ಲಿ ತಂದೆಯೂ ಮಗುವೂ ಬೇರೆ ಬೇರೆ ಬರಿಯವರಾಗಿಯೇ ಒಂದು ಮನೆಯಲ್ಲಿ ಬಾಳಿದ್ದಾರೆ. ಮರುಮದುವೆಯ ಮನೆಗೆ ಇದಕ್ಕಿಂತ ದೊಡ್ಡ ಧೈರ್ಯ ನನಗೆ ಬೇರೆಲ್ಲೂ ಸಿಗಲಿಲ್ಲ.

ಮಕ್ಕಳಿಗೆ ಒಂದು ಚಿಕ್ಕ ಉತ್ತರ ಕಲಿಸಿ, ಮೂರೂ ಭಾಷೆಯಲ್ಲಿ. 'ನಾನು ಈ ಮನೆಯ ಮಗಳು' ಅಂದರೆ ಸಾಕು. ಇನ್ನೂ ಕೆದಕಿದರೆ ದೊಡ್ಡವರು ಮುಂದೆ ಬರಲಿ.

ದೂರದಲ್ಲಿರುವ ತಂದೆಯೋ ತಾಯಿಯೋ ಫೋನ್ ಮಾಡಿದಾಗ ಮಗು ತನ್ನ ಭಾಷೆಯಲ್ಲಿ, ತನ್ನ ಪಾಡಿಗೆ, ಬೇರೆ ಕೋಣೆಯಲ್ಲಿ ಮಾತಾಡಲಿ. ಆ ಮಗುವಿನ ಬಾಯಲ್ಲಿ ಸುದ್ದಿ ಕಳಿಸಬೇಡಿ. ಹಿರಿಯರ ಜಗಳವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೇಳಿಸುವ ಕೆಲಸಕ್ಕೆ ಅದನ್ನು ಎಂದಿಗೂ ಹಚ್ಚಬೇಡಿ.

ಹೆಜ್ಜೆ 7: ಕಾಗದಪತ್ರ

ಇದನ್ನು ಮುಂದೂಡಬೇಡಿ. ಧರ್ಮ ಬೇರೆಯಾದ ಇಬ್ಬರು ಮದುವೆಯಾಗುವುದಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಶಾಲೆಯ ಅರ್ಜಿಯಲ್ಲಿ 'ತಾಯಿಯ ಹೆಸರು' ಅನ್ನುವಲ್ಲಿ ಹೆತ್ತ ತಾಯಿಯ ಹೆಸರೇ ಇರಲಿ. ತುರ್ತಿಗೆ ಕರೆಯಬೇಕಾದವರ ಜಾಗದಲ್ಲಿ ನಿಮ್ಮ ಹೆಸರು, ನಂಬರು ಬರೆಯಿರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ದರ್ಜೆಯ ವಾರಸುದಾರರಲ್ಲಿ ಸಂಗಾತಿಯ ಮೊದಲ ಮದುವೆಯ ಮಕ್ಕಳು ಬರುವುದಿಲ್ಲ. ಕಾನೂನು ಪ್ರಕಾರ ದತ್ತು ತೆಗೆದುಕೊಳ್ಳದಿದ್ದರೆ, ಅವರಿಗೂ ಪಾಲು ಸಿಗಬೇಕು ಅನ್ನುವವರು ಉಯಿಲು ಬರೆಯಲೇಬೇಕು. ನಾಮಿನಿ ಮಾಡಿದರೆ ಸಾಕು ಅಂತ ಸುಮ್ನೆ ಕೂರಬೇಡಿ, ನಾಮಿನಿ ಅಂದರೆ ವಾರಸುದಾರ ಅಂತ ಅರ್ಥವಲ್ಲ. ಒಬ್ಬ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ.

ಮಗು ತಿಂಗಳುಗಟ್ಟಲೆ ಮಾತು ಬಿಟ್ಟರೆ, ಊಟ ನಿದ್ದೆ ಕೆಟ್ಟರೆ, ಅದನ್ನು ಹಠ ಅಂದುಕೊಳ್ಳಬೇಡಿ. ಆಪ್ತ ಸಮಾಲೋಚಕರನ್ನು ನೋಡಿ, ಮಗುವಿನ ಭಾಷೆ ಬರುವವರಾದರೆ ಇನ್ನೂ ಒಳ್ಳೆಯದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆ 8: ವರ್ಷಕ್ಕೊಮ್ಮೆ ಹಾಳೆ ಹೊಸದಾಗಿ ಬರೆಯಿರಿ

ಮೊದಲ ಹೆಜ್ಜೆಯ ಹಾಳೆಯನ್ನು ಎಸೆಯಬೇಡಿ. ನಾವು ಅದನ್ನು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇವೆ. ಪ್ರತಿ ವರ್ಷ ಬಿಸುವಿನ ದಿನ ಮಕ್ಕಳೇ ಹೊಸ ಹಾಳೆ ಬರೆದು ಪಕ್ಕದಲ್ಲಿ ಅಂಟಿಸುತ್ತಾರೆ. ಈಗ ಆರು ಹಾಳೆ ಇವೆ. ಅತ್ತೆ ಮತ್ತು ಮಗಳ ನಡುವೆ ಎರಡನೇ ಹಾಳೆಯಲ್ಲಿ ಒಂದು ತೆಳು ಗೆರೆ ಬಂತು: 'ತುಳು, ಸ್ವಲ್ಪ'. ನಾಲ್ಕನೆಯದರಲ್ಲಿ 'ಸ್ವಲ್ಪ' ಹೋಗಿದೆ. ನನ್ನ ಮತ್ತು ಮಗನ ಗೆರೆಯ ಮೇಲೆ ಕನ್ನಡ, ಕೊಂಕಣಿ ಎರಡೂ ಇವೆ. ಈ ವರ್ಷದ್ದನ್ನು ಮಗಳು ಬರೆದಳು. ತನ್ನ ಮತ್ತು ಅಣ್ಣನ ನಡುವಿನ ಗೆರೆಯ ಮೇಲೆ ಯಾವ ಭಾಷೆಯ ಹೆಸರೂ ಇಲ್ಲ, 'ನಮ' ಅಂತ ಮಾತ್ರ ಇದೆ.